ಕಾಲೇಜಿನ ಲೈಸೆನ್ಸಿನಲ್ಲಿ ಕಚೇರಿ ನಡೆಸಬಹುದೇ? ವಿದ್ಯಾರ್ಥಿ ಆವೃತ್ತಿಗಳ ವಿಮರ್ಶೆ

ಮಂಗಳೂರಿನ ಬಲ್ಮಠ, ಬೆಂದೂರ್‌ವೆಲ್, ಕದ್ರಿ ಕಡೆಯ ಎರಡು-ಮೂರು ಮೇಜಿನ ಆರ್ಕಿಟೆಕ್ಟ್ ಕಚೇರಿ ಇರಲಿ, ಉಡುಪಿ ಕೋರ್ಟ್ ರೋಡಿನ ಲೆಕ್ಕಪತ್ರದ ಕಚೇರಿ ಇರಲಿ, ಮಣಿಪಾಲದಲ್ಲಿ ಈಗಷ್ಟೇ ಶುರುವಾದ ಸ್ಟಾರ್ಟಪ್ ಇರಲಿ, ವಿದ್ಯಾರ್ಥಿ ಲೈಸೆನ್ಸು ಒಳಗೆ ಬರುವ ದಾರಿ ಹೆಚ್ಚಾಗಿ ಒಂದೇ: ಇಂಟರ್ನ್‌ಶಿಪ್‌ಗೆ ಬಂದವರ ಲ್ಯಾಪ್‌ಟಾಪ್. ಸುರತ್ಕಲ್‌ನಿಂದ ಮಣಿಪಾಲದವರೆಗೆ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರಗಾಲವಿಲ್ಲ. ಕಾಲೇಜಿನ ಇಮೇಲ್ ಇದ್ದರೆ ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಹುಡುಗ ಅದರಲ್ಲೇ ಕಲಿತಿದ್ದಾನೆ, ಅದರಲ್ಲೇ ಕೈ ಓಡುತ್ತದೆ, ಕಚೇರಿಯ ಡ್ರಾಯಿಂಗನ್ನೂ ಅದರಲ್ಲೇ ತೆರೆಯುತ್ತಾನೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಗಿರಾಕಿಯ ನಾಲ್ಕು ಮನೆಗಳ ನಕ್ಷೆ ಆ ಲ್ಯಾಪ್‌ಟಾಪಿನಲ್ಲಿ ಇರುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕಲಿಯುವವರಿಗೆ ಈ ಆವೃತ್ತಿಗಳು ನಿಜಕ್ಕೂ ಒಳ್ಳೆಯವು, ಪ್ರತಿಯೊಬ್ಬ ವಿದ್ಯಾರ್ಥಿಯೂ ಪಡೆಯಬೇಕು. ಕಚೇರಿಯ ಕೆಲಸಕ್ಕೆ ಒಂದೆರಡು ಬಿಟ್ಟು ಉಳಿದವು ಯಾವುವೂ ಸಲ್ಲುವುದಿಲ್ಲ. ಸಾಫ್ಟ್‌ವೇರಿನ ಒಳಗೆ ಹೆಚ್ಚಾಗಿ ಏನೂ ಕಡಿಮೆ ಇರುವುದಿಲ್ಲ, ಅದಕ್ಕೇ ಜನ ಮೋಸ ಹೋಗುವುದು. ಕಡಿಮೆ ಇರುವುದು ಹಕ್ಕು. ಆದ್ದರಿಂದ ಇಲ್ಲಿ ಗುಂಡಿ, ಮೆನುಗಳ ಗುಣಗಾನಕ್ಕೆ ಹೋಗದೆ ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಕೇಳಿದ್ದೇವೆ. ಲೈಸೆನ್ಸು ಯಾರ ಹೆಸರಿನಲ್ಲಿದೆ? ಯಾವ ಕೆಲಸಕ್ಕೆ ಕೊಟ್ಟಿದ್ದಾರೆ? ಮಾಡಿದ ಫೈಲಿನ ಮೇಲೆ ಅದರ ಗುರುತು ಉಳಿಯುತ್ತದೆಯೇ? ಅವಧಿ ಮುಗಿದ ದಿನ ಫೈಲು ಯಾರ ಕೈಯಲ್ಲಿರುತ್ತದೆ?

ಆಟೋಕ್ಯಾಡ್: ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ

ಆಟೋಡೆಸ್ಕ್ ಕಂಪನಿಯ ಎಜುಕೇಶನ್ ಲೈಸೆನ್ಸಿನಲ್ಲಿ ಸಿಗುವುದು ಪೂರ್ತಿ ಆಟೋಕ್ಯಾಡ್, ಅಂದರೆ ನಕ್ಷೆ ಬರೆಯುವ ಸಾಫ್ಟ್‌ವೇರ್. ಜೊತೆಗೆ ರೆವಿಟ್, ಸಿವಿಲ್ ತ್ರೀಡಿ, ಫ್ಯೂಷನ್ ಕೂಡ. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಓದುತ್ತಿರುವವರು ಅಥವಾ ಕಲಿಸುತ್ತಿರುವವರು ಗುರುತಿನ ದಾಖಲೆ ಕೊಟ್ಟು ಅರ್ಹತೆ ಸಾಬೀತುಪಡಿಸಿದರೆ ಒಂದು ವರ್ಷಕ್ಕೆ ಪುಕ್ಕಟೆ. ಅರ್ಹತೆ ಇರುವವರೆಗೆ ವರ್ಷ ವರ್ಷವೂ ನವೀಕರಿಸಬಹುದು. ಪರದೆಯ ಮೇಲೆ ದುಡ್ಡು ಕೊಟ್ಟು ಕೊಂಡ ಆಟೋಕ್ಯಾಡಿಗೂ ಇದಕ್ಕೂ ಕೆಲಸದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಲೇಯರ್, ಡೈನಾಮಿಕ್ ಬ್ಲಾಕ್, ಶೀಟ್ ಸೆಟ್, ಸ್ವಂತ ಕಮಾಂಡ್ ಬರೆದುಕೊಳ್ಳುವ ಲಿಸ್ಪ್ ಎಲ್ಲವೂ ಓಡುತ್ತವೆ. ಕಲಿಕೆಯ ಸಾಧನವಾಗಿ ಇದಕ್ಕೆ ಪೂರ್ಣ ಅಂಕ ಕೊಡುತ್ತೇವೆ.

ಷರತ್ತು ಸ್ಪಷ್ಟವಾಗಿದೆ. ಕಲಿಕೆ, ಬೋಧನೆ, ತರಬೇತಿ ಮತ್ತು ಸಂಸ್ಥೆಯ ಬೋಧನೆಗೆ ಸೇರಿದ ಸಂಶೋಧನೆಗೆ ಮಾತ್ರ ಬಳಸಬೇಕು. ವಾಣಿಜ್ಯ, ವೃತ್ತಿಪರ, ಲಾಭದ ಉದ್ದೇಶದ ಕೆಲಸಕ್ಕೆ ಬಳಸುವಂತಿಲ್ಲ. ಇಲ್ಲಿ ‘ವೃತ್ತಿಪರ’ ಎಂಬ ಪದವನ್ನು ಗಮನಿಸಬೇಕು. ‘ನಾವು ಇನ್ನೂ ಲಾಭಕ್ಕೆ ಬಂದಿಲ್ಲ’, ‘ಈ ಮನೆ ನಕ್ಷೆಗೆ ಫೀಸು ತೆಗೆದುಕೊಂಡಿಲ್ಲ, ಭಾವನ ಮನೆ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಕಚೇರಿಯ ಹೆಸರಿನ ಟೈಟಲ್ ಬ್ಲಾಕ್ ಹಾಕಿ, ಸಹಿ ಮಾಡಿ ಪಾಲಿಕೆಗೋ ಪಂಚಾಯತಿಗೋ ಕೊಡುವ ಡ್ರಾಯಿಂಗ್ ವೃತ್ತಿಪರ ಕೆಲಸವೇ.

ಇಂಟರ್ನ್ ವಿಚಾರದಲ್ಲಿ ಬಹಳ ಮಂದಿ ಗೊಂದಲಕ್ಕೆ ಬೀಳುತ್ತಾರೆ. ವಿದ್ಯಾರ್ಥಿಯ ಲೈಸೆನ್ಸು ಇನ್ನೂ ಚಾಲ್ತಿಯಲ್ಲಿದೆ, ಅವನು ಇನ್ನೂ ವಿದ್ಯಾರ್ಥಿಯೇ, ಇಂಟರ್ನ್‌ಶಿಪ್ ಕಾಲೇಜಿನ ಪಠ್ಯದ ಭಾಗವೇ. ಹಾಗಿದ್ದರೂ ಕಚೇರಿಯ ಗಿರಾಕಿಯ ಕೆಲಸವನ್ನು ಆ ಲೈಸೆನ್ಸಿನಲ್ಲಿ ಮಾಡುವಂತಿಲ್ಲ. ಕಾಲೇಜಿಗೆ ಒಪ್ಪಿಸುವ ವರದಿಗೆ ಒಂದು ಮಾದರಿ ಮನೆಯನ್ನು ಬರೆದರೆ ಸರಿ. ಅದೇ ಮನೆಯ ಸೆಂಟ್ರಿಂಗ್ ಡ್ರಾಯಿಂಗ್ ಸೈಟಿಗೆ ಹೋಗುವುದಾದರೆ ಸರಿಯಲ್ಲ. ಇದರ ಇನ್ನೊಂದು ಮುಖ ಕಾಲೇಜುಗಳಲ್ಲೇ ಇದೆ: ಸಿವಿಲ್ ವಿಭಾಗ ಹೊರಗಿನ ಗುತ್ತಿಗೆದಾರರಿಗೆ ದುಡ್ಡು ಪಡೆದು ಮಾಡಿಕೊಡುವ ಕನ್ಸಲ್ಟೆನ್ಸಿ. ಲ್ಯಾಬ್ ಕಾಲೇಜಿನದು, ಮೇಷ್ಟ್ರು ಕಾಲೇಜಿನವರು, ಆದರೆ ಕೆಲಸ ಹೊರಗಿನದು. ಅದಕ್ಕೂ ಬೇರೆ ವಾಣಿಜ್ಯ ಸೀಟು (ಒಬ್ಬರು ಬಳಸುವ ಲೈಸೆನ್ಸು) ಬೇಕು. ಹಾಗೆಯೇ ಪದವಿ, ಡಿಪ್ಲೊಮಾ ಕೊಡದ, ಮಾನ್ಯತೆ ಇಲ್ಲದ ಕ್ಯಾಡ್ ತರಬೇತಿ ಕೇಂದ್ರಗಳು ‘ನಾವೂ ಕಲಿಸುತ್ತೇವಲ್ಲ’ ಎಂದು ತಾವೇ ಅರ್ಹರೆಂದುಕೊಳ್ಳಬಾರದು. ಮಾನ್ಯತೆಯ ದಾಖಲೆಯನ್ನೇ ಮೊದಲು ಕೇಳುತ್ತಾರೆ.

ಇನ್ನು ಫೈಲಿನ ಮೇಲಿನ ಗುರುತು. ಹಳೆಯ ವಿದ್ಯಾರ್ಥಿ ಆವೃತ್ತಿಗಳಲ್ಲಿ ಉಳಿಸಿದ ಡ್ರಾಯಿಂಗನ್ನು ಪ್ಲಾಟ್ ಹೊಡೆದರೆ ಹಾಳೆಯ ನಾಲ್ಕೂ ಅಂಚಿನಲ್ಲಿ ‘ಆಟೋಡೆಸ್ಕಿನ ಶೈಕ್ಷಣಿಕ ಉತ್ಪನ್ನದಿಂದ ತಯಾರಾದದ್ದು’ ಎಂಬರ್ಥದ ಇಂಗ್ಲಿಷ್ ಸಾಲು ಬೀಳುತ್ತಿತ್ತು. ಅದು ಅಂಟುರೋಗದ ಹಾಗೆ ಹರಡುತ್ತಿತ್ತು. ಉದಾಹರಣೆಗೆ ಒಂದು ಗೇಟಿನ ಬ್ಲಾಕ್ (ಒಮ್ಮೆ ಬರೆದಿಟ್ಟು ಬೇಕಾದ ನಕ್ಷೆಗೆಲ್ಲ ಸೇರಿಸುವ ಚಿತ್ರ). ವಿದ್ಯಾರ್ಥಿ ಮನೆಯಲ್ಲಿ ಕೂತು ಬರೆದ ಗೇಟು, ಹದಿನೈದು ಗೆರೆಯ ಚಿಕ್ಕ ಚಿತ್ರ. ಅದನ್ನು ಕಚೇರಿಯ ದುಡ್ಡು ಕೊಟ್ಟ ಆಟೋಕ್ಯಾಡಿನಲ್ಲಿ ತೆರೆದಿರುವ ಸೈಟ್ ಪ್ಲಾನಿಗೆ ಇನ್ಸರ್ಟ್ ಮಾಡಿದರೆ ಮುದ್ರೆ ಇಡೀ ಸೈಟ್ ಪ್ಲಾನಿಗೆ ಹತ್ತುತ್ತಿತ್ತು. ಆ ಪ್ಲಾನಿನಿಂದ ಬೇರೊಂದಕ್ಕೆ ಕಾಪಿ-ಪೇಸ್ಟ್ ಮಾಡಿದರೆ ಅದಕ್ಕೂ. ಗೇಟನ್ನು ಅಳಿಸಿದರೂ ಹೋಗುತ್ತಿರಲಿಲ್ಲ, ಏಕೆಂದರೆ ಅದು ಗೆರೆಗೆ ಅಂಟಿದ್ದಲ್ಲ, ಫೈಲಿಗೇ ಬಿದ್ದ ಗುರುತು. ಎ1 ಹಾಳೆ ಪ್ಲಾಟರಿನಿಂದ ಹೊರಬರುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇತ್ತೀಚಿನ ಆವೃತ್ತಿಗಳಲ್ಲಿ ಆ ಸಾಲು ಬೀಳುವುದಿಲ್ಲ. ಇದನ್ನೇ ‘ಈಗ ಬಿಟ್ಟಿದ್ದಾರೆ’ ಎಂದು ಅರ್ಥ ಮಾಡಿಕೊಂಡವರು ಬಹಳ. ಮುದ್ರೆ ಹೋಗಿದೆ, ಷರತ್ತು ಹೋಗಿಲ್ಲ. ಹಳೆಯ ಫೈಲಿನ ಮುದ್ರೆ ಅಳಿಸುವ ಉಪಾಯಗಳೂ ಕೈಯಿಂದ ಕೈಗೆ ಓಡಾಡುತ್ತವೆ. ಅವುಗಳಿಂದ ಹಾಳೆ ಚೊಕ್ಕವಾಗಬಹುದು, ಕೆಲಸ ಚೊಕ್ಕವಾಗುವುದಿಲ್ಲ. ಸರಿಯಾದ ದಾರಿ ಎಂದರೆ ಆ ಬ್ಲಾಕನ್ನು ವಾಣಿಜ್ಯ ಸೀಟಿನಲ್ಲಿ, ಖಾಲಿ ಟೆಂಪ್ಲೇಟಿನಲ್ಲಿ ಹೊಸದಾಗಿ ಬರೆಯುವುದು. ಗೇಟು, ಬಾಗಿಲು, ಕಮೋಡು, ಕಾರು, ತೆಂಗಿನ ಮರ ಇವೆಲ್ಲವೂ ಒಂದು ಕಚೇರಿಯಲ್ಲಿ ಐವತ್ತು-ಅರವತ್ತು ಬ್ಲಾಕುಗಳಿಗಿಂತ ಹೆಚ್ಚಿರುವುದಿಲ್ಲ. ಎರಡು ದಿನದ ಕೆಲಸ. ಹೊಸ ಬ್ಲಾಕುಗಳಿಗೆ ಬೇರೆ ಫೋಲ್ಡರ್ ಮಾಡಿ, ಹೊರಗಿನಿಂದ ಬಂದ ಯಾವುದನ್ನೂ ಅದಕ್ಕೆ ಸೇರಿಸಬೇಡಿ.

ಯಂತ್ರದಲ್ಲಿ ಇರುವುದು ಯಾವ ಲೈಸೆನ್ಸು ಎಂದು ನೋಡುವುದು ಸುಲಭ. ಆಟೋಕ್ಯಾಡಿನ ಮೇಲಿನ ಬಲ ಮೂಲೆಯಲ್ಲಿ ಸೈನ್ ಇನ್ ಆದವರ ಹೆಸರು ಇರುತ್ತದೆ. ಅದನ್ನು ಒತ್ತಿ ‘ಮ್ಯಾನೇಜ್ ಲೈಸೆನ್ಸ್’ ತೆರೆದರೆ ವಿವರ ಬರುತ್ತದೆ. ಅಲ್ಲಿ ಕಾಲೇಜಿನ ಇಮೇಲ್ ಅಥವಾ ಇಂಟರ್ನ್‌ನ ಹೆಸರು ಕಂಡರೆ ಆ ಯಂತ್ರದಲ್ಲಿ ಗಿರಾಕಿಯ ಫೈಲು ತೆರೆಯುವುದನ್ನು ಅಂದೇ ನಿಲ್ಲಿಸಿ. ಸೈನ್ ಇನ್ ಬೇಕಾದ ಸಾಫ್ಟ್‌ವೇರು ತಿಂಗಳಿಗೊಮ್ಮೆಯಾದರೂ ಇಂಟರ್ನೆಟ್ ಕೇಳುತ್ತದೆ. ಯಾರ ಖಾತೆ, ಯಾವ ಲೈಸೆನ್ಸು ಎಂಬ ಲೆಕ್ಕ ಕಂಪನಿಯ ಸರ್ವರಿನಲ್ಲಿದೆ. ‘ಯಾರು ಬಂದು ನೋಡುತ್ತಾರೆ’ ಎಂಬ ಕಾಲ ಮುಗಿದಿದೆ.

ಬದಲಿಗೆ ಏನು ಕೊಳ್ಳಬೇಕು? ಮನೆ, ಅಪಾರ್ಟ್‌ಮೆಂಟ್, ಅಂಗಡಿ ಕಟ್ಟಡಗಳ ಎರಡು ಆಯಾಮದ ನಕ್ಷೆಯೇ ಮುಖ್ಯ ಕೆಲಸವಾಗಿರುವ ಕಚೇರಿಗೆ ಪೂರ್ತಿ ಆಟೋಕ್ಯಾಡ್ ಬೇಡ, ಆಟೋಕ್ಯಾಡ್ ಎಲ್‌ಟಿ ಸಾಕು. ಅದರಲ್ಲಿ ತ್ರೀಡಿ ಮಾಡೆಲಿಂಗ್ ಇಲ್ಲ. ಮೊದಲು ಲಿಸ್ಪ್ ಕೂಡ ಇರಲಿಲ್ಲ, ಅದಕ್ಕೇ ಅನೇಕರು ಎಲ್‌ಟಿ ಬೇಡವೆನ್ನುತ್ತಿದ್ದರು. 2024ರ ಆವೃತ್ತಿಯಿಂದ ಆಟೋಲಿಸ್ಪ್ ಬಂದಿದೆ, ಆದ್ದರಿಂದ ಚದರಡಿ ಲೆಕ್ಕ ಹಾಕುವ ಹಳೆಯ ಲಿಸ್ಪ್ ಫೈಲುಗಳಲ್ಲಿ ಬಹುಪಾಲು ಓಡುತ್ತವೆ. ತಿಂಗಳಿಗೆ ನಾಲ್ಕೈದು ದಿನ ಮಾತ್ರ ಕ್ಯಾಡ್ ಬೇಕಾಗುವವರಿಗೆ ಆಟೋಡೆಸ್ಕಿನ ಫ್ಲೆಕ್ಸ್ ಟೋಕನ್ ಇದೆ: ಸಾಫ್ಟ್‌ವೇರ್ ತೆರೆದರೆ 24 ಗಂಟೆಗೆ ಇಷ್ಟು ಟೋಕನ್ ಎಂದು ಕಡಿತವಾಗುತ್ತದೆ. ಕೊಂಡ ಟೋಕನ್ ಒಂದು ವರ್ಷದೊಳಗೆ ಮುಗಿಸಬೇಕು, ಹಾಗಾಗಿ ಅಗ್ಗವೆಂದು ರಾಶಿ ಕೊಳ್ಳಬೇಡಿ. ವರ್ಷ ವರ್ಷ ಬಾಡಿಗೆ ಕಟ್ಟುವುದೇ ಬೇಡ ಎನ್ನುವವರು ಝಡ್‌ಡಬ್ಲ್ಯುಕ್ಯಾಡ್, ಜಿಸ್ಟಾರ್‌ಕ್ಯಾಡ್ ಥರದವನ್ನು ನೋಡಬಹುದು. ಒಮ್ಮೆ ಕೊಂಡರೆ ಆಯಿತು ಎನ್ನುವ ಲೈಸೆನ್ಸು ಅಲ್ಲಿ ಸಿಗುತ್ತದೆ, ಆಟೋಕ್ಯಾಡಿನ ಡಿಡಬ್ಲ್ಯುಜಿ ಫೈಲನ್ನೇ ಬಳಸುತ್ತವೆ. ಪುಕ್ಕಟೆಯ ಲಿಬ್ರೆಕ್ಯಾಡ್ ವಾಣಿಜ್ಯ ಬಳಕೆಗೂ ಮುಕ್ತ, ಆದರೆ ಡಿಡಬ್ಲ್ಯುಜಿಯಲ್ಲಿ ಉಳಿಸಲು ಬರುವುದಿಲ್ಲ, ಕ್ಯಾಡ್ ಸಾಫ್ಟ್‌ವೇರುಗಳ ನಡುವೆ ಫೈಲು ಸಾಗಿಸುವ ಇನ್ನೊಂದು ರೂಪವಾದ ಡಿಎಕ್ಸ್‌ಎಫ್‌ನಲ್ಲಿ ಕೊಟ್ಟು ತೆಗೆದುಕೊಳ್ಳಬೇಕು. ಸ್ಟ್ರಕ್ಚರಲ್ ಇಂಜಿನಿಯರ್ ಜೊತೆ ದಿನಕ್ಕೆ ಮೂರು ಸಲ ಫೈಲು ಬದಲಾಯಿಸುವ ಕಚೇರಿಗೆ ಅದು ತಾಪತ್ರಯ. ಒಬ್ಬರೇ ಕೂತು ಸರ್ವೆ ಸ್ಕೆಚ್ ಬರೆಯುವವರಿಗೆ ಸಾಕಾಗುತ್ತದೆ.

ತ್ರೀಡಿ ಚಿತ್ರ ಮಾಡುವ ಸ್ಕೆಚಪ್ ಬಗ್ಗೆಯೂ ಇಲ್ಲೇ ಒಂದು ಮಾತು. ಗಿರಾಕಿಗೆ ಎಲಿವೇಷನ್ ತೋರಿಸಲು ಇಂದಿಗೂ ಕಚೇರಿಗಳಲ್ಲಿ ಸ್ಕೆಚಪ್ ಮೇಕ್ 2017 ಓಡುತ್ತಿದೆ. ಅದು ಪುಕ್ಕಟೆ ಕೊಟ್ಟ ಕೊನೆಯ ಡೆಸ್ಕ್‌ಟಾಪ್ ಆವೃತ್ತಿ, ವೈಯಕ್ತಿಕ ಬಳಕೆಗೆ ಮಾತ್ರ ಕೊಟ್ಟದ್ದು. ಬ್ರೌಸರಿನಲ್ಲಿ ಓಡುವ ಪುಕ್ಕಟೆ ಸ್ಕೆಚಪ್ ಕೂಡ ಹಾಗೆಯೇ. ಗಿರಾಕಿಯ ಕೆಲಸಕ್ಕೆ ಗೋ ಅಥವಾ ಪ್ರೊ ಬೇಕು. ಖರ್ಚು ಬೇಡವೆಂದರೆ ಬ್ಲೆಂಡರ್ ಇದೆ, ಅದಕ್ಕೆ ಯಾವ ತಡೆಯೂ ಇಲ್ಲ. ಕಲಿಯಲು ಒಂದು ಮಳೆಗಾಲ ಬೇಕು, ಅಷ್ಟೇ.

ಆಫೀಸ್: ಲ್ಯಾಪ್‌ಟಾಪಿನ ಜೊತೆಗೇ ಬಂದ ತಪ್ಪು

ಮೈಕ್ರೋಸಾಫ್ಟ್ ಆಫೀಸಿನಲ್ಲಿ ಜನ ಗೊತ್ತಿಲ್ಲದೆಯೇ ಸಿಕ್ಕಿಕೊಳ್ಳುತ್ತಾರೆ. ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿಯ ಕಲ್ಸಂಕದಲ್ಲೋ ಹೊಸ ಲ್ಯಾಪ್‌ಟಾಪ್ ಕೊಂಡರೆ ‘ಆಫೀಸ್ ಒರಿಜಿನಲ್ ಬರುತ್ತದೆ’ ಎಂದು ಹೇಳಿಯೇ ಕೊಡುತ್ತಾರೆ. ಒರಿಜಿನಲ್ ಹೌದು. ಆದರೆ 2019, 2021ರ ಲ್ಯಾಪ್‌ಟಾಪುಗಳ ಜೊತೆ ಬಂದದ್ದು ಬಹುತೇಕ ‘ಹೋಂ ಆಂಡ್ ಸ್ಟೂಡೆಂಟ್’. ಹೆಸರೇ ಹೇಳುವ ಹಾಗೆ ಮನೆಗೆ ಮತ್ತು ಓದಿಗೆ. ಅದರಲ್ಲಿ ಅಂಗಡಿಯ ಕೊಟೇಶನ್ ಮಾಡಿದರೆ ಷರತ್ತು ಮೀರಿದ ಹಾಗೆ. ವಾಣಿಜ್ಯ ಬಳಕೆಯ ಹಕ್ಕು ಸೇರಿರುವುದು ‘ಹೋಂ ಆಂಡ್ ಬಿಸಿನೆಸ್’ನಲ್ಲಿ. ತಿಂಗಳ ಚಂದಾದ ಪರ್ಸನಲ್, ಫ್ಯಾಮಿಲಿ ಯೋಜನೆಗಳೂ ಮನೆಯ ಬಳಕೆಗೇ. ಕಚೇರಿಗೆ ಬಿಸಿನೆಸ್ ಹೆಸರಿನ ಯೋಜನೆಗಳಿವೆ, 300 ಬಳಕೆದಾರರವರೆಗೆ ಕೊಡುತ್ತಾರೆ. ಕರಾವಳಿಯ ಸಣ್ಣ ಉದ್ಯಮಗಳಲ್ಲಿ ಆ ಮಿತಿ ದಾಟುವವರು ಕಡಿಮೆ.

ಎರಡನೆಯದು ಕಾಲೇಜು ಕೊಟ್ಟ ಖಾತೆ. ವಿದ್ಯಾರ್ಥಿಗೆ ವರ್ಡ್, ಎಕ್ಸೆಲ್ ಜೊತೆಗೆ ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಒನ್‌ಡ್ರೈವ್ ಕೂಡ ಸಿಗುತ್ತದೆ. ಇಂಟರ್ನ್ ಆ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಉಳಿಸಿದರೆ ಅದು ತನ್ನಷ್ಟಕ್ಕೇ ಕಾಲೇಜಿನ ಒನ್‌ಡ್ರೈವ್‌ಗೆ ಹೋಗಬಹುದು. ನಿಮ್ಮ ಗಿರಾಕಿಯ ಎಸ್ಟಿಮೇಟು, ಆಧಾರ್ ಸ್ಕ್ಯಾನು, ಆರ್‌ಟಿಸಿ ಪ್ರತಿ ಎಲ್ಲವೂ ಕಾಲೇಜಿನ ಅಡ್ಮಿನ್ ಹಿಡಿತದ ಜಾಗದಲ್ಲಿ ಇದ್ದಂತಾಯಿತು. ಹುಡುಗ ಪಾಸಾಗಿ ಹೋದ ಮೇಲೆ ಕಾಲೇಜು ಖಾತೆ ಅಳಿಸಿದರೆ ಸಾಮಾನ್ಯ ಸೆಟ್ಟಿಂಗಿನಲ್ಲಿ 30 ದಿನ ಮಾತ್ರ ಉಳಿಯುತ್ತದೆ, ಆಮೇಲೆ ಇಲ್ಲ. ಕಾಲೇಜಿಗೆ ಫೋನ್ ಮಾಡಿ ‘ನಮ್ಮ ಕಚೇರಿಯ ಫೈಲು ಕೊಡಿ’ ಎಂದು ಕೇಳುವ ಹಕ್ಕು ನಿಮಗಿಲ್ಲ. ಷರತ್ತು ಉಲ್ಲಂಘನೆಗಿಂತ ನಮಗೆ ಇದೇ ದೊಡ್ಡ ಅಪಾಯವಾಗಿ ಕಾಣುತ್ತದೆ.

ಮೂರನೆಯದು, ಕೆಲವು ನೂರು ರೂಪಾಯಿಗೆ ‘ಜೀವಮಾನದ ಆಫೀಸ್, ಐದು ಕಂಪ್ಯೂಟರ್, ಒಂದು ಟಿಬಿ ಒನ್‌ಡ್ರೈವ್’ ಎಂದು ಮಾರುವ ಸರಕು. ಕೊಂಡವರಿಗೆ ಬರುವುದು ಕೀ ಅಲ್ಲ, ಒಂದು ಯೂಸರ್ ನೇಮ್ ಮತ್ತು ಪಾಸ್‌ವರ್ಡ್. ಆ ಯೂಸರ್ ನೇಮಿನ ಕೊನೆ ನೋಡಿ: ನೀವು ಕೇಳದ ಯಾವುದೋ ಸಂಸ್ಥೆಯ ಡೊಮೈನ್ ಇರುತ್ತದೆ. ಯಾವುದೋ ಶಾಲೆ, ಕಾಲೇಜಿನ ಹೆಸರಿನಲ್ಲಿ ಪಡೆದ ಖಾತೆಯಲ್ಲಿ ನಿಮ್ಮನ್ನೊಬ್ಬ ‘ವಿದ್ಯಾರ್ಥಿ’ಯಾಗಿ ಸೇರಿಸಿ ಕೊಡುವುದು ಇದರ ಒಳಗುಟ್ಟು. ಅದರ ಅಡ್ಮಿನ್ ಪಾಸ್‌ವರ್ಡ್ ಬದಲಿಸಬಹುದು, ನಿಮ್ಮ ಒನ್‌ಡ್ರೈವ್ ತೆರೆಯಬಹುದು, ಮೈಕ್ರೋಸಾಫ್ಟ್ ಆ ಸಂಸ್ಥೆಯ ಖಾತೆಯನ್ನೇ ಮುಚ್ಚಿದರೆ ನಿಮ್ಮದೂ ಮುಚ್ಚುತ್ತದೆ. ಇದಕ್ಕೆ ಸೊನ್ನೆ ಅಂಕ. ಮನೆಯವರಿಗೂ ಬೇಡ.

ಪರೀಕ್ಷೆ ಹೀಗೆ. ವರ್ಡ್ ತೆರೆದು ಫೈಲ್, ಆಮೇಲೆ ಅಕೌಂಟ್ ಒತ್ತಿ. ಬಲಗಡೆ ಉತ್ಪನ್ನದ ಪೂರ್ತಿ ಹೆಸರು, ಚಂದಾ ಆಗಿದ್ದರೆ ಅದರ ಕೆಳಗೆ ‘ಬಿಲಾಂಗ್ಸ್ ಟು’ ಎಂದು ಒಂದು ಇಮೇಲ್ ಇರುತ್ತದೆ. ಆ ಇಮೇಲ್ ನಿಮ್ಮ ಸಂಸ್ಥೆಯದಲ್ಲದಿದ್ದರೆ ಉತ್ತರ ಸಿಕ್ಕಿತು. ವಿಂಡೋಸ್‌ಗಾದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಡಿಎಲ್‌ಐ ಎಂದು ಸೇರಿಸಿ (slmgr /dli). ಪುಟ್ಟ ಕಿಟಕಿಯಲ್ಲಿ ‘ರಿಟೇಲ್’ ಅಥವಾ ‘ಓಇಎಂ’ ಚಾನೆಲ್ ಎಂದಿದ್ದರೆ ಅಂಗಡಿಯಲ್ಲಿ ಕೊಂಡ ಯಂತ್ರಕ್ಕೆ ಸಹಜ. ‘ವಾಲ್ಯೂಮ್’ ಜೊತೆ ‘ಕೆಎಂಎಸ್ ಕ್ಲೈಂಟ್’ ಎಂದಿದ್ದರೆ ಅದು ಒಂದು ದೊಡ್ಡ ಸಂಸ್ಥೆಯ ಸರ್ವರಿನ ಕೆಳಗೆ 180 ದಿನಕ್ಕೊಮ್ಮೆ ನವೀಕರಣವಾಗಬೇಕಾದ ಪ್ರತಿ. ಮೂರು ಕಂಪ್ಯೂಟರಿನ ಕಚೇರಿಯಲ್ಲಿ ಅದು ಇರುವುದಕ್ಕೆ ನ್ಯಾಯವಾದ ಕಾರಣ ಸಿಗುವುದು ಕಷ್ಟ. ಕಾಲೇಜಿನ ಲ್ಯಾಬಿನಿಂದ ಬಂದಿರಬೇಕು, ಇಲ್ಲವೇ ಕ್ರ್ಯಾಕ್ ಆಗಿರಬೇಕು.

ದುಡ್ಡು ಹಾಕಲು ಆಗದ ಮೇಜಿಗೆ ಲಿಬ್ರೆಆಫೀಸ್ ಹಾಕಿ. ಕಚೇರಿಗೂ ಪೂರ್ತಿ ಪುಕ್ಕಟೆ. ಒಂದು ಎಚ್ಚರಿಕೆ: ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕನ್ನಡ ಪತ್ರಗಳು ಆ ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೆ ಅಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಆಮೇಲೆ ಸಾಫ್ಟ್‌ವೇರ್ ಬದಲಿಸಿ. ಎರಡನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಟ್ಯಾಲಿ: ಮೂರೇ ತಾರೀಕಿನ ತಿಂಗಳು

ಲೆಕ್ಕ ಬರೆಯುವ ಸಾಫ್ಟ್‌ವೇರಾದ ಟ್ಯಾಲಿಪ್ರೈಮ್‌ನ ಎಜುಕೇಶನಲ್ ಮೋಡ್ ಎಲ್ಲಕ್ಕಿಂತ ಪ್ರಾಮಾಣಿಕ ವಿದ್ಯಾರ್ಥಿ ಆವೃತ್ತಿ ಎಂದು ನಮ್ಮ ಅಭಿಪ್ರಾಯ. ನೋಂದಣಿ ಬೇಡ, ದುಡ್ಡು ಬೇಡ, ಬಿಕಾಂ ಓದುವವರು ಹಾಕಿಕೊಂಡು ಕಲಿಯಬಹುದು. ಒಂದೇ ಕಟ್ಟು: ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ವೋಚರ್ (ವ್ಯವಹಾರದ ನಮೂದು) ಹಾಕಬಹುದು. ಕಲಿಯಲು ಇದರಿಂದ ತೊಂದರೆಯಿಲ್ಲ, ವ್ಯಾಪಾರಕ್ಕೆ ಆಗುವುದೇ ಇಲ್ಲ.

ಆದರೂ ವ್ಯಾಪಾರ ಮಾಡುವವರಿದ್ದಾರೆ. ‘ಎಲ್ಲ ಬಿಲ್ಲನ್ನೂ 2ಕ್ಕೆ ಹಾಕು, ಖರೀದಿಯನ್ನು 31ಕ್ಕೆ ಹಾಕು, ತಿಂಗಳ ಮೊತ್ತ ಹೇಗೂ ಸರಿಯಿರುತ್ತದೆ’ ಎಂಬ ಲೆಕ್ಕಾಚಾರ. ಮೊತ್ತ ಸರಿಯಿರುತ್ತದೆ, ಉಳಿದದ್ದೆಲ್ಲ ಕೆಡುತ್ತದೆ. ಒಂದು ದಿನಸಿ ಹೋಲ್‌ಸೇಲ್ ಅಂಗಡಿ ಎಂದುಕೊಳ್ಳಿ. 12ರಂದು 40 ಮೂಟೆ ಕುಚ್ಚಲಕ್ಕಿ ಬಂತು, 15ರಂದು 30 ಮೂಟೆ ಹೋಯಿತು. ಪುಸ್ತಕದಲ್ಲಿ ಮಾರಾಟ 2ಕ್ಕೆ, ಖರೀದಿ 31ಕ್ಕೆ. ತಿಂಗಳಿಡೀ ಸ್ಟಾಕ್ ಮೈನಸ್ 30 ಮೂಟೆ ತೋರಿಸುತ್ತದೆ. ಮಾರಾಟದ ವೆಚ್ಚದ ಲೆಕ್ಕ ತಪ್ಪುತ್ತದೆ. 15ರಂದು ಸಾಲಕ್ಕೆ ಕೊಟ್ಟ ಬಿಲ್ಲು 2ರಂದು ಕೊಟ್ಟಂತೆ ಕಾಣುವುದರಿಂದ ಬಾಕಿಯ ದಿನಗಳ ಪಟ್ಟಿಯಲ್ಲಿ 13 ದಿನ ಹೆಚ್ಚು ಬರುತ್ತದೆ, ಗಿರಾಕಿಗೆ ಗಡುವಿಗೆ ಮುಂಚೆಯೇ ತಗಾದೆ ಹೋಗುತ್ತದೆ. ಬ್ಯಾಂಕ್ ಹೊಂದಾಣಿಕೆಯಲ್ಲಿ ಒಂದು ಸಾಲೂ ತಾರೀಕಿಗೆ ಕೂಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ಲಿನಲ್ಲಿ ನೀಡಿದ ತಾರೀಕೂ ಕ್ರಮಸಂಖ್ಯೆಯೂ ಇರಬೇಕು. ಕೈಬಿಲ್ಲಿನಲ್ಲಿ 15, ಟ್ಯಾಲಿಯಲ್ಲಿ 2, ರಿಟರ್ನಿನಲ್ಲಿ ಟ್ಯಾಲಿಯದೇ ತಾರೀಕು ಹೋದರೆ ಕೊಂಡವರ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಹೊಂದದೆ ಅವರ ಆಡಿಟರ್ ನಿಮಗೆ ಫೋನ್ ಮಾಡುತ್ತಾರೆ.

ಒಬ್ಬರು ಬಳಸುವ ಸಿಲ್ವರ್ ಲೈಸೆನ್ಸಿನ ಪಟ್ಟಿ ಬೆಲೆ 2024ರಲ್ಲಿ 22,500 ರೂ. ಇತ್ತು, ಅದರ ಮೇಲೆ ಶೇ. 18 ಜಿಎಸ್‌ಟಿ 4,050 ರೂ., ಒಟ್ಟು 26,550 ರೂ. ಜಿಎಸ್‌ಟಿ ನೋಂದಣಿ ಇದ್ದು ತೆರಿಗೆ ಕಟ್ಟುವ ವ್ಯಾಪಾರ ಮಾಡುವವರಿಗೆ ಆ 4,050 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು ಸಿಗುತ್ತದೆ. ವಹಿವಾಟಿನ ಮೇಲೆ ಒಂದು ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಷನ್‌ನಲ್ಲಿ ಇರುವವರಿಗೆ ಸಿಗುವುದಿಲ್ಲ. ಒಟ್ಟಿಗೆ ಕೊಡಲು ಕಷ್ಟವಾದರೆ ತಿಂಗಳ ಬಾಡಿಗೆಯ ಲೈಸೆನ್ಸೂ ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಇನ್ನೊಂದು ವಿಷಯ ಮರೆಯಬಾರದು: 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ಎಡಿಟ್ ಲಾಗ್ ಕಡ್ಡಾಯ. ಕೊಳ್ಳುವಾಗಲೇ ಎಡಿಟ್ ಲಾಗ್ ಇರುವ ಆವೃತ್ತಿ ಹಾಕಿಸಿಕೊಳ್ಳಿ.

ಅಡೋಬಿ: ಇಲ್ಲಿ ಉತ್ತರ ಬೇರೆ

ಮೇಲಿನ ಎಲ್ಲವನ್ನೂ ಓದಿ ‘ವಿದ್ಯಾರ್ಥಿ ಲೈಸೆನ್ಸ್ ಎಂದರೆ ವ್ಯಾಪಾರಕ್ಕೆ ನಿಷಿದ್ಧ’ ಎಂದು ಒಂದೇ ಗೆರೆ ಎಳೆದುಬಿಟ್ಟರೆ ಅಡೋಬಿಯಲ್ಲಿ ತಪ್ಪುತ್ತದೆ. ವಿದ್ಯಾರ್ಥಿ ಮತ್ತು ಶಿಕ್ಷಕರಿಗೆ ರಿಯಾಯಿತಿಯಲ್ಲಿ ಕೊಡುವ ಕ್ರಿಯೇಟಿವ್ ಕ್ಲೌಡನ್ನು (ಫೋಟೋಶಾಪ್, ಇನ್‌ಡಿಸೈನ್ ಮುಂತಾದವುಗಳ ಗುಂಪು) ವೈಯಕ್ತಿಕ ಕೆಲಸಕ್ಕೂ ವಾಣಿಜ್ಯ ಕೆಲಸಕ್ಕೂ ಬಳಸಬಹುದು ಎಂದು ಅಡೋಬಿಯೇ ಹೇಳಿದೆ. ಮಣಿಪಾಲದಲ್ಲಿ ಓದುತ್ತಾ ಮದುವೆ ಕಾಗದ, ಯಕ್ಷಗಾನದ ಪೋಸ್ಟರ್ ವಿನ್ಯಾಸ ಮಾಡಿ ನಾಲ್ಕು ಕಾಸು ಸಂಪಾದಿಸುವ ವಿದ್ಯಾರ್ಥಿನಿ ನಿಶ್ಚಿಂತೆಯಿಂದ ಮಾಡಬಹುದು. ಇದು ದೊಡ್ಡ ಅನುಕೂಲ, ಗೊತ್ತಿಲ್ಲದೆ ಹೆದರಿ ಬಿಟ್ಟವರೂ ಇದ್ದಾರೆ.

ಆದರೆ ಆ ಹಕ್ಕು ಆ ವಿದ್ಯಾರ್ಥಿಗೆ ಸೇರಿದ್ದು, ಪ್ರೆಸ್ಸಿಗೆ ಸೇರಿದ್ದಲ್ಲ. ಮಗಳ ಕಾಲೇಜು ಐಡಿಯಲ್ಲಿ ಪಡೆದ ಖಾತೆಯನ್ನು ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರಿಗೆ ಹಾಕಿ, ಅಲ್ಲಿ ಕೂತ ಡಿಟಿಪಿಯವರು ದಿನವಿಡೀ ಬಳಸಿದರೆ ಅದು ತಪ್ಪು. ಕಾಲೇಜೇ ತನ್ನ ಲೈಸೆನ್ಸಿನಿಂದ ಕೊಟ್ಟ ಖಾತೆಯನ್ನೂ ಇದಕ್ಕೆ ಸೇರಿಸಬೇಡಿ. ಅದು ಕಾಲೇಜಿನ ಸೊತ್ತು, ಅದರ ಷರತ್ತು ಬೇರೆ. ಓದು ಮುಗಿದ ಮೇಲೆ ನವೀಕರಣದಲ್ಲಿ ಸಾಮಾನ್ಯ ದರಕ್ಕೆ ಏರುತ್ತದೆ, ಮೊದಲ ವರ್ಷದ ದರ ನೋಡಿ ಮುಂದಿನ ವರ್ಷದ ಬಜೆಟ್ ಹಾಕಬಾರದು. ಕನ್ನಡ ಪುಸ್ತಕ ಮಾಡುವವರಿಗೆ: ಪುಟ ಜೋಡಿಸುವ ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಕೂರಬೇಕಾದರೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಪುಕ್ಕಟೆಯ ಸ್ಕ್ರೈಬಸ್ ಕೂಡ 1.6ರ ಆವೃತ್ತಿಯಲ್ಲಿ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ವಾಣಿಜ್ಯ ಬಳಕೆಗೆ ಅಡ್ಡಿಯಿಲ್ಲ.

ಉಳಿದವನ್ನು ಬೇಗ ಮುಗಿಸುತ್ತೇವೆ. ಪ್ರೋಗ್ರಾಂ ಬರೆಯುವ ಸಾಧನಗಳ ಕಂಪನಿ ಜೆಟ್‌ಬ್ರೈನ್ಸ್‌ನ ಪುಕ್ಕಟೆ ವಿದ್ಯಾರ್ಥಿ ಲೈಸೆನ್ಸು ಓದಿಗೆ ಮಾತ್ರ, ಅಬೌಟ್ ಕಿಟಕಿಯಲ್ಲೇ ಹಾಗೆಂದು ಬರೆದಿರುತ್ತದೆ. ಗಣಿತದ ಲೆಕ್ಕ ಮಾಡುವ ಮ್ಯಾಟ್‌ಲ್ಯಾಬ್ ವಿದ್ಯಾರ್ಥಿ ಆವೃತ್ತಿ ಕಂಪನಿ, ಸರಕಾರಿ ಕೆಲಸ ಯಾವುದಕ್ಕೂ ಆಗುವುದಿಲ್ಲ. ಯಂತ್ರಭಾಗಗಳ ವಿನ್ಯಾಸ ಮಾಡುವ ಸಾಲಿಡ್‌ವರ್ಕ್ಸ್ ವಿದ್ಯಾರ್ಥಿ ಆವೃತ್ತಿಯ ಡ್ರಾಯಿಂಗಿನಲ್ಲಿ ‘ಬೋಧನೆಗೆ ಮಾತ್ರ’ ಎಂಬರ್ಥದ ವಾಟರ್‌ಮಾರ್ಕ್ ಬರುತ್ತದೆ, ಬೈಕಂಪಾಡಿ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿಗೆ ಅಂಥ ಡ್ರಾಯಿಂಗ್ ಕೊಟ್ಟರೆ ಮೊದಲ ನೋಟಕ್ಕೇ ತಿಳಿಯುತ್ತದೆ. ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ ಒಂದು ಒಳ್ಳೆಯ ಸುದ್ದಿ: ಪ್ರೋಗ್ರಾಂ ಬರೆಯುವ ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ಆವೃತ್ತಿಯನ್ನು ಸಣ್ಣ ಸಂಸ್ಥೆಯಲ್ಲಿ ಐದು ಮಂದಿಯವರೆಗೆ ವಾಣಿಜ್ಯ ಕೆಲಸಕ್ಕೆ ಬಳಸಬಹುದು. 250ಕ್ಕಿಂತ ಹೆಚ್ಚು ಕಂಪ್ಯೂಟರ್ ಅಥವಾ ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಹೆಚ್ಚು ಆದಾಯ ಇರುವ ಸಂಸ್ಥೆಗೆ ಮಾತ್ರ ಆ ಅವಕಾಶವಿಲ್ಲ. ಇದಕ್ಕೆ ಕಾಲೇಜಿನ ಐಡಿಯೇ ಬೇಕಿಲ್ಲ. ಮಣಿಪಾಲದ ಹೊಸ ಸ್ಟಾರ್ಟಪ್‌ಗಳಿಗೆ ಇದನ್ನೇ ಮೊದಲು ಹೇಳುತ್ತೇವೆ.

ಕಾನೂನು ಮತ್ತು ಬಿಲ್ಲು

1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಅಕ್ರಮ ಪ್ರತಿ ಎಂದು ಗೊತ್ತಿದ್ದೂ ಸಾಫ್ಟ್‌ವೇರನ್ನು ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಸೆರೆ, 50,000 ರೂ.ನಿಂದ 2 ಲಕ್ಷದವರೆಗೆ ದಂಡ. ಲಾಭಕ್ಕೋ ವ್ಯಾಪಾರಕ್ಕೋ ಬಳಸಿದ್ದಲ್ಲ ಎಂದಾದರೆ ನ್ಯಾಯಾಲಯ ಸೆರೆವಾಸ ಬಿಟ್ಟು ದಂಡವಷ್ಟೇ ಹಾಕಬಹುದು. ಅಂದರೆ ಮನೆಯವರಿಗಿರುವ ಆ ರಿಯಾಯಿತಿ ಕಚೇರಿಗೆ ಇಲ್ಲ. ಕಂಪನಿ ತಪ್ಪು ಮಾಡಿದರೆ 69ನೇ ಕಲಮಿನಂತೆ ಆ ಹೊತ್ತಿಗೆ ವ್ಯವಹಾರದ ಹೊಣೆ ಹೊತ್ತವರೂ ಉತ್ತರಿಸಬೇಕು. ‘ಇಂಟರ್ನ್ ಹಾಕಿಕೊಂಡದ್ದು, ನನಗೆ ಗೊತ್ತಿಲ್ಲ’ ಎನ್ನುವುದಾದರೆ ಗೊತ್ತಿರಲಿಲ್ಲ ಅಥವಾ ತಡೆಯಲು ಎಲ್ಲ ಪ್ರಯತ್ನ ಮಾಡಿದ್ದೆ ಎಂದು ತೋರಿಸುವ ಭಾರ ಅವರದೇ. ವಿದ್ಯಾರ್ಥಿ ಲೈಸೆನ್ಸಿನ ದುರ್ಬಳಕೆ ಮೊದಲಿಗೆ ಕರಾರು ಮೀರಿದ ತಪ್ಪು. ಅದು ಎಷ್ಟರ ಮಟ್ಟಿಗೆ ಅಕ್ರಮ ಪ್ರತಿಯಾಗುತ್ತದೆ ಎಂಬುದನ್ನು ಪ್ರಕರಣ ನೋಡಿ ವಕೀಲರು ಹೇಳಬೇಕು. ಹೆಚ್ಚಿನವು ಕೋರ್ಟಿನವರೆಗೆ ಹೋಗದೆ ಲೈಸೆನ್ಸು ಕೊಳ್ಳುವುದರಲ್ಲಿ ಮುಗಿಯುತ್ತವೆ. ಆದರೆ ನೋಟಿಸು ಬಂದ ಮೇಲೆ ಕೊಳ್ಳುವಾಗ ಚೌಕಾಸಿಗೆ ಜಾಗವಿರುವುದಿಲ್ಲ.

ಕೊಳ್ಳುವಾಗ ಬಿಲ್ಲನ್ನು ಕಣ್ಣಿಟ್ಟು ಓದಿ. ಕೊಂಡವರ ಜಾಗದಲ್ಲಿ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇರಬೇಕು, ಮಾಲೀಕರ ಅಥವಾ ಹುಡುಗನ ಹೆಸರಲ್ಲ. ಉತ್ಪನ್ನದ ವಿವರದಲ್ಲಿ ‘ಅಕಾಡೆಮಿಕ್’, ‘ಇಡಿಯು’, ‘ಸ್ಟೂಡೆಂಟ್’ ಅಥವಾ ಅವುಗಳ ಮೊಟಕು ರೂಪ ಇದ್ದರೆ ವಾಪಸು ಕೊಡಿ. ಮಾರುಕಟ್ಟೆ ದರದ ಮೂರನೇ ಒಂದು ಭಾಗಕ್ಕೆ ಕೊಟೇಶನ್ ಬಂದರೆ ಮೊದಲು ಹುಡುಕಬೇಕಾದದ್ದು ಈ ಪದಗಳನ್ನೇ. ಸೀಟುಗಳ ಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ತಾರೀಕು ಸ್ಪಷ್ಟ ಇರಲಿ. ಅಡ್ಮಿನ್ ಇಮೇಲ್ ಸಂಸ್ಥೆಯದೇ ಇರಲಿ. ‘ನಾವೇ ನೋಡಿಕೊಳ್ಳುತ್ತೇವೆ’ ಎಂದು ಮಾರಾಟಗಾರರ ಇಮೇಲ್ ಹಾಕಿಸಿಕೊಂಡರೆ ನಾಳೆ ಬೇರೆ ಕಡೆ ಹೋಗಲು ಅವರನ್ನೇ ಬೇಡಬೇಕು.

ಈಗಾಗಲೇ ಸಿಕ್ಕಿಕೊಂಡಿರುವ ಕಚೇರಿ ಎಲ್ಲವನ್ನೂ ಒಂದೇ ದಿನ ಅಳಿಸಲು ಹೋಗಬಾರದು. ಮೊದಲು ಎಲ್ಲ ಯಂತ್ರಗಳ ಪಟ್ಟಿ, ಯಾವುದರಲ್ಲಿ ಯಾರ ಖಾತೆ ಎಂದು ಒಂದು ಹಾಳೆಯಲ್ಲಿ. ನಂತರ ಕಾಲೇಜು ಖಾತೆಯ ಒನ್‌ಡ್ರೈವ್‌ನಲ್ಲಿರುವ ಕಚೇರಿಯ ಫೈಲುಗಳನ್ನು ಆ ವಿದ್ಯಾರ್ಥಿಯ ಎದುರಲ್ಲೇ ಕಚೇರಿಯ ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡು, ನಾಲ್ಕೈದು ತೆರೆದು ನೋಡಿ, ಆಮೇಲೆ ಅಲ್ಲಿಂದ ಅಳಿಸಿ. ಆಮೇಲೆ ಕೊಳ್ಳಬೇಕಾದದ್ದನ್ನು ಕೊಂಡು, ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ. ಟ್ಯಾಲಿಯಲ್ಲಿ ಹಳೆಯ ತಿಂಗಳುಗಳನ್ನು ತಿದ್ದುವ ಮೊದಲು ಆಡಿಟರ್ ಹತ್ತಿರ ಕೇಳಿ, ರಿಟರ್ನ್ ಹೋಗಿರುವ ತಿಂಗಳಿಗೆ ಕೈ ಹಾಕಬೇಡಿ.

ಇಂಟರ್ನ್‌ಗಳನ್ನು ದೂರ ಇಡುವ ಅಗತ್ಯವಿಲ್ಲ. ಒಂದು ಸೀಟು ಹೆಚ್ಚು ಕೊಂಡು ಸಂಸ್ಥೆಯ ಡೊಮೈನಿನಲ್ಲಿ ‘ಟ್ರೇನಿ’ ಎಂದು ಒಂದು ಇಮೇಲ್ ಮಾಡಿಡಿ. ಬಂದ ದಿನ ಅವರ ಲ್ಯಾಪ್‌ಟಾಪಿನಿಂದ ಕಾಲೇಜಿನ ಖಾತೆಯಲ್ಲಿ ಸೈನ್ ಔಟ್ ಮಾಡಿಸಿ ಇದರಲ್ಲಿ ಸೈನ್ ಇನ್ ಮಾಡಿಸಿ, ಸಾಧ್ಯವಿದ್ದರೆ ಕಚೇರಿಯ ಯಂತ್ರದಲ್ಲೇ ಕೂರಿಸಿ. ಹೊರಡುವ ದಿನ ಸಂಜೆ ಪಾಸ್‌ವರ್ಡ್ ಬದಲಿಸಿ, ಅವರ ಲ್ಯಾಪ್‌ಟಾಪಿನಿಂದ ಸೀಟು ಬಿಡಿಸಿ. ಮುಂದಿನ ಸೆಮಿಸ್ಟರಿಗೆ ಬರುವವರಿಗೆ ಅದೇ ಸೀಟು ಕಾದಿರುತ್ತದೆ.